ಕಾಗೆಯ ಪರವಾಗಿ ಎರಡು ಮಾತು

ಕಳೆದ ವಾರ ನನ್ನ ಹೆಂಡತಿ ನಳಿನಿ ಮನೆಗೆ ಒಬ್ಬಳನ್ನು ಕರೆತಂದಳು. ಕರೆತಂದಳು ಅಂದರೆ ಎತ್ತಿಕೊಂಡೇ ಬಂದಳು, ಅದೂ ನನ್ನ ಟವೆಲ್‌ನಲ್ಲಿ ಸುತ್ತಿ. ಹೆಣ್ಣು ಕೋಗಿಲೆ! ಮೈತುಂಬ ಚುಕ್ಕೆ, ಕೆಂಪು ಕಣ್ಣು, ರೆಕ್ಕೆಯ ಬುಡದಲ್ಲಿ ರಕ್ತ.

ಆಗಿದ್ದಿಷ್ಟು. ಮೈಸೂರಿನ ಗೋಕುಲಂನ ನಮ್ಮ ಮನೆ ಮುಂದಿನ ಮಾವಿನ ಮರದಲ್ಲಿ ಕಾಗೆ ಗೂಡು ಕಟ್ಟಿದೆ. ಈ ಮಹಾತಾಯಿ ಮೊಟ್ಟೆ ಇಡಲು ಅದರೊಳಗೆ ಕದ್ದು ನುಗ್ಗಿದ್ದಾಳೆ. ಕಾಗೆಗಳೆರಡೂ ಸೇರಿ ಕುಕ್ಕಿ ಕೆಳಗೆ ಕೆಡವಿವೆ. ನಳಿನಿ ಪೊರಕೆ ಹಿಡಿದು ಓಡಿದಳು. ಯೋಗ ಕ್ಲಾಸಿಗೆ ಹೊರಟಿದ್ದ ವಿದೇಶಿ ಹುಡುಗಿಯೊಬ್ಬಳು ಗೇಟಿನಾಚೆ ನಿಂತು, ಒಂದು ಕೈ ಎದೆಯ ಮೇಲಿಟ್ಟು ಇನ್ನೊಂದರಲ್ಲಿ ವಿಡಿಯೋ ಮಾಡಿದಳು.

"ಕಾಡುಪ್ರಾಣಿಗಳ ಜಗಳಕ್ಕೆ ನಾವು ಕೈ ಹಾಕ್ಬಾರ್ದು ಕಣೇ. ಅದು ಪ್ರಕೃತಿ" ಅಂದೆ.

"ಕಣ್ಣೆದುರಿಗೇ ಸಾಯ್ತಿದ್ರೆ ನೋಡ್ಕೊಂಡ್ ಕೂತಿರ್ಲಾ? ಏನಮ್ಮ ಪುಟ್ಟಿ, ತುಂಬಾ ನೋವಾ?"

ಎರಡನೆಯ ಪ್ರಶ್ನೆ ನನಗಲ್ಲ.

ಹೊಟ್ಟೆಕಿಚ್ಚು ಶುರುವಾಗಿದ್ದು ಅಲ್ಲಿಂದ. ಹೋದ ತಿಂಗಳು ನನ್ನ ಮಂಡಿ ಊದಿಕೊಂಡಾಗ "ಮುಲಾಮು ಫ್ರಿಜ್ ಮೇಲಿದೆ, ಹಚ್ಕೊಳ್ಳಿ" ಅಂದವಳು ಇವಳೇ! ಇಂಥ ದನಿ ಇವಳ ಹತ್ತಿರ ಇನ್ನೂ ಸ್ಟಾಕ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಪರಂಗಿ ಹಣ್ಣನ್ನು ಸಣ್ಣಗೆ ಹೆಚ್ಚಿ ಆ ಪುಟ್ಟಿಯ ಬಾಯಿಗಿಡುತ್ತಿದ್ದಳು. ಇತ್ತ ನನ್ನ ಕಾಫಿ ಆರಿ ಕೆನೆಗಟ್ಟುತ್ತಿತ್ತು. ಟಿವಿ ಹಾಕಿದರೆ "ಶ್, ಮಲಗಿದಾಳೆ ಕಣ್ರೀ!"

ಹಾಗಾಗಿ ನಾನು ಕಾಗೆಯ ವಕೀಲನಾದೆ. ನೀವೇ ಹೇಳಿ, ತಪ್ಪು ಯಾರದು? ಗೂಡು ಕಟ್ಟಿದ್ದು ಯಾರು? ನಾಳೆ ಯಾರೋ ನಮ್ಮ ಮನೆಗೆ ನುಗ್ಗಿ, ತಮ್ಮ ಮಗುವನ್ನು ನಮ್ಮ ತೊಟ್ಟಿಲಲ್ಲಿ ಮಲಗಿಸಿ ಹೋದರೆ ಅವರಿಗೆ ಹಣ್ಣು ಹೆಚ್ಚಿ ಕೊಡುತ್ತೇವಾ? ಮರದ ಕೆಳಗೆ ಬಿದ್ದಿದ್ದು ಕಾಗೆಯಾಗಿದ್ದರೆ ನನ್ನ ಟವೆಲ್ ಹೊರಗೆ ಬರುತ್ತಿತ್ತಾ? (ಕಾಗೆ ನಮಗೆ ನೆನಪಾಗುವುದು ತಿಥಿಯ ದಿನ ಮಾತ್ರ. ಅದೂ ಊಟಕ್ಕೆ ಲೇಟಾಗಿ ಬಂದರೆ.) ಹುಲಿಯ ಬಾಯಿಂದ ಜಿಂಕೆ ಬಿಡಿಸಿದವನಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಹಸಿದು ಮಲಗಿದ ಹುಲಿಮರಿಗೆ ಯಾರು ದಿಕ್ಕು? ಗಾಯಗೊಂಡವರ ಮುಖ ನೋಡಿಯೇ ನಮ್ಮ ಕರುಣೆ ಎದ್ದು ನಿಲ್ಲುತ್ತದೆ.

ವಾದ ಚೆನ್ನಾಗಿತ್ತು. ನಳಿನಿ ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಒಳಗೊಳಗೆ ನನಗೆ ಬೇಕಿದ್ದದ್ದೂ ಒಂದೇ. ಆ "ತುಂಬಾ ನೋವಾ?" ಒಂದು ಸಲ ನನ್ನ ಕಡೆ ತಿರುಗಬೇಕಿತ್ತು.

ಮೂರನೆಯ ದಿನ ಕೋಗಿಲೆ ಜೋರಾಗಿ ರೆಕ್ಕೆ ಬಡಿಯಿತು. "ನೀವೇ ಆಚೆ ಬಿಟ್ಬುಡಿ ರೀ, ನಂಗೆ ಅಳು ಬರತ್ತೆ" ಅಂದಳು ನಳಿನಿ. ಮನೆಯ ಬೇರಾವ ಕೆಲಸವನ್ನೂ ನಾನು ಅಷ್ಟು ಖುಷಿಯಿಂದ ಮಾಡಿದವನಲ್ಲ. ಮಾವಿನ ಮರದ ಕೆಳಗೆ ನಿಂತು ಹಾರಿಬಿಟ್ಟೆ. ಮೇಲಿನ ಕೊಂಬೆಯಿಂದ ಕಾಗೆ ನೋಡುತ್ತಿತ್ತು.

ಮಾರನೆಯ ಬೆಳಗ್ಗೆ ಸ್ಕೂಟರ್ ತೆಗೆಯಲು ಹೋದೆ. ಟಪ್! ಬೋಳುತಲೆಗೆ ಸರಿಯಾಗಿ ಕುಕ್ಕಿತು. ಓಡಿದರೆ ಹಿಂದೆಯೇ ಬಂದು ಇನ್ನೊಂದು. ಅದೂ ಯಾರಿಗೆ? ಇಡೀ ಮೈಸೂರಿನಲ್ಲಿ ಅದಕ್ಕಿದ್ದ ಏಕೈಕ ವಕೀಲನಿಗೆ! ರಕ್ತ ಒರೆಸಿಕೊಳ್ಳುತ್ತಾ "ನಳಿನೀ, ಪೊರಕೆ ತಗೊಂಡ್ ಬಾರೇ!" ಅಂತ ಕೂಗಿದೆ.

ಅವಳು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಪ್ರಕೃತಿ ಕಣ್ರೀ. ನಾವು ಕೈ ಹಾಕ್ಬಾರ್ದು."

ಆಯಿತಪ್ಪ, ನಾನೂ ಕಾಡುಪ್ರಾಣಿಯೇ ಅನ್ನಿ. ಹಾಗಿದ್ದಮೇಲೆ ನನ್ನ ಪರಂಗಿ ಹಣ್ಣು ಎಲ್ಲಿ?