ಬ್ರೇಕಿನ ದಿನ, ಗೇಟಿನಲ್ಲಿ

ಗೆಳೆಯರೇ, ಇವತ್ತು ಒಂದು ದಿನದ ಮಟ್ಟಿಗೆ ನಾನು ನಿರುದ್ಯೋಗಿ. ಯೂನಿವರ್ಸಿಟಿಯಲ್ಲಿ ನಮ್ಮಂಥ ಗುತ್ತಿಗೆ ಉಪನ್ಯಾಸಕರಿಗೆ ಹನ್ನೊಂದು ತಿಂಗಳ ಆರ್ಡರ್. ಅದು ಮುಗಿದರೆ ಒಂದು ದಿನ ಬ್ರೇಕ್, ಮರುದಿನ ಮತ್ತೆ ಹೊಸ ಆರ್ಡರ್. ಸತತ ಸೇವೆ ಮಾಡಿದ್ದೇವೆ, ಕಾಯಂ ಮಾಡಿ ಎಂದು ನಾವು ಹಕ್ಕು ಕೇಳಬಾರದಲ್ಲ, ಅದಕ್ಕೆ.

ಆದರೆ ನಾಳೆ ಅಂಕ ಕೊಡಬೇಕಾದ ಉತ್ತರಪತ್ರಿಕೆಗಳು ಡಿಪಾರ್ಟ್‌ಮೆಂಟಿನ ನನ್ನ ಕಪಾಟಿನಲ್ಲೇ ಉಳಿದಿದ್ದವು. ನಾನಿರುವ ಚಿಕಲಠಾಣಾದಿಂದ ಎರಡು ರಿಕ್ಷಾ ಬದಲಿಸಿ ಹೋದೆ. ಗೇಟಿನಲ್ಲಿ ವಾಚ್‌ಮನ್ ಶಿವರಾಜಪ್ಪ, ಭಾಲ್ಕಿ ಕಡೆಯವರು. ದಿನಾ ಎದ್ದು ನಿಂತು ನಮಸ್ಕಾರ ಹೇಳುವವರು ಇವತ್ತು ವಿಸಿಟರ್ ರಿಜಿಸ್ಟರನ್ನು ಮುಂದೆ ಸರಿಸಿದರು.

"ತಪ್ ತಿಳ್ಕೋಬ್ಯಾಡ್ರಿ ಮೇಡಂ, ನಿಮ್ ಕಾರ್ಡ್ ನಿನ್ನಿಗೇ ಮುಗದದ."

"ಆರ್ ವರ್ಷದಿಂದ ನನ್ನ ನೋಡ್ಲಿಕತ್ತೀರಲ್ರೀ?"

"ನಾ ನೋಡೀನ್ರಿ. ಸಾಹೇಬ್ರು ರಿಜಿಸ್ಟರ್ ನೋಡ್ತಾರ."

ಹೆಸರು, ವಿಳಾಸ, ಸಮಯ ಎಲ್ಲ ಬರೆದೆ. ಕೊನೆಯಲ್ಲಿ 'ಯಾರನ್ನು ಭೇಟಿಯಾಗಬೇಕು' ಎಂಬ ಕಾಲಮ್ ಇತ್ತು. ಸಿಟ್ಟು ಬಂದು ಅಲ್ಲೂ ನನ್ನ ಹೆಸರನ್ನೇ ಬರೆದು ಸಹಿ ಹಾಕಿದೆ.

ಶಿವರಾಜಪ್ಪ ಕನ್ನಡಕ ಏರಿಸಿಕೊಂಡು ಓದಿದರು. ನಗಲಿಲ್ಲ.

"ಈ ಮೇಡಂ ಇವತ್ತ ಸಿಗಂಗಿಲ್ರಿ. ನಾಳಿಗಿ ಬರ್ರಿ," ಎಂದವರೇ ಗೇಟು ತೆರೆದರು.

ನಾಳೆ ಹೋಗುತ್ತೇನೆ. ಆದರೆ ನಾಳೆ ಸಿಗುವವಳೂ ಹನ್ನೊಂದು ತಿಂಗಳಿನವಳೇ. ನಾನು ಕಾಣಬೇಕೆಂದಿರುವವಳು ಬೇರೆ, ಈ ಗೇಟಿನಲ್ಲಿ ಯಾವತ್ತೂ ಹೆಸರು ಬರೆಯಬೇಕಿಲ್ಲದ ಆ ಕಾಯಂ ಮೇಡಂ. ಅವಳಿಗಾಗಿ ಆರು ವರ್ಷದಿಂದ ಕಾಯುತ್ತಿದ್ದೇನೆ. ನಿಮಗೇನಾದರೂ ಸಿಕ್ಕರೆ, ನಾನು ಬಂದು ಹೋದೆ ಅಂತ ಹೇಳಿ. ರಿಜಿಸ್ಟರಿನಲ್ಲಿ ಸಹಿಯೂ ಇದೆ.