ಮಜ್ಜಿಗೆಯವಳ ಸಾವು ಯಾರಿಗೆ ಒದಗಿತು

ಹಿಂದೂಪುರದ ಸೊಪ್ಪಿನ ಗಾಡಿಗಳು ಕೂಗುವುದೆಲ್ಲ ಚಿನ್ನಕ್ಕನ ಗಂಟಲಿನಿಂದ. ತನ್ನ ಗಾಡಿಯ ಮೈಕಿಗೆಂದು ರೆಕಾರ್ಡ್ ಮಾಡಿಸಿಕೊಂಡ ಕೂಗನ್ನು ಉಳಿದ ಗಾಡಿಯವರೂ ಕೇಳಿ ಪಡೆದರು. ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು ಎರಡರಲ್ಲೂ ದಂಟು, ಮೆಂತ್ಯ ಮಾರುವ ಆ ದನಿ ಕೇಳಿ, ಮೊಬೈಲ್ ಗೇಮ್ ಮಾಡುವ ಕೆಲವು ಯುವಕರು ಹೋದ ವರ್ಷ ಆಕೆಯನ್ನು ಹುಡುಕಿಕೊಂಡು ಬಂದರು. ಅವರ ಆಟದಲ್ಲಿ ಚಿನ್ನಕ್ಕ ದನಿ ಕೊಟ್ಟಿದ್ದು ಕೋಟೆ ಬಾಗಿಲಿನ ಮಜ್ಜಿಗೆಯವಳಿಗೆ. ಓಡಿಬಂದ ನಾಯಕನನ್ನು ಮಡಕೆಗಳ ಹಿಂದೆ ಅಡಗಿಸುತ್ತಾಳೆ, ಬಾಣ ತಗುಲಿ ಸಾಯುತ್ತಾಳೆ. "ಅಯ್ಯೋ, ಮಜ್ಜಿಗೆ ಚೆಲ್ಲೋಯ್ತಲ್ಲಪ್ಪ" ಎಂಬುದು ಕೊನೆಯ ಮಾತು. ಅವರು ಬರೆದುಕೊಟ್ಟಿದ್ದು ಬೇರೇನೋ, ಇದು ಚಿನ್ನಕ್ಕನದೇ.

ಅವಳು ಸತ್ತರೆ ನಾಯಕನಿಗೆ ರೋಷ ಬರುತ್ತದೆ, ಕಥೆ ಮುಂದಕ್ಕೆ ಹೋಗುತ್ತದೆ ಎಂದು ಯುವಕರ ವಾದ. ನಾನೂ ಆಡಿ ನೋಡಿದೆ. ರೋಷ ಎಲ್ಲಿ? ಆತ ಮಡಕೆ ದಾಟಿ ಹೋಗಿ ಚಿನ್ನದ ನಾಣ್ಯ ಆರಿಸುತ್ತಾನೆ. ಅವಳ ಹೆಸರೂ ಎತ್ತುವುದಿಲ್ಲ. ಸಣ್ಣವರ ಹೆಣವನ್ನು ಮೆಟ್ಟಿಲು ಮಾಡಿಕೊಳ್ಳುವ ಚಾಳಿ ನಮ್ಮ ಕಥೆಗಳಿಗೆ ಇವತ್ತಿನದಲ್ಲ. ಇಲ್ಲಿ ಮೆಟ್ಟಿಲಾಗುವ ಭಾಗ್ಯವೂ ಇಲ್ಲ.

ಮೊನ್ನೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಾಗ ಕಾಗೆಯೊಂದು ಚಿನ್ನಕ್ಕನ ತಲೆಗೆ ಬಡಿದು ಹೋಯಿತು. ಕಾಗೆ ತಲೆ ಮುಟ್ಟಿದರೆ ಸಾವು ಬಂದಂತೆ. ಅದು ತಪ್ಪಬೇಕಾದರೆ ದೂರದ ನೆಂಟರಿಗೆ ಸತ್ತಳೆಂದು ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರು ಅಳಬೇಕು. ಆ ಅಳುವಿನೊಂದಿಗೆ ಕಂಟಕ ಹರಿದುಹೋಗುತ್ತದಂತೆ. ಇಂಥ ನಂಬಿಕೆಗಳನ್ನು ನಾನು ಬೈದು ಬರೆದವನು. ಚಿನ್ನಕ್ಕ ಮಾತ್ರ ಗಾಡಿ ಬಿಟ್ಟು ಕೂತಳು. ಮಧ್ಯಾಹ್ನದ ತುತ್ತೂ ಇಳಿಯಲಿಲ್ಲ.

ಕಲ್ಯಾಣದುರ್ಗದಲ್ಲಿರುವ ಆಕೆಯ ಅಕ್ಕ ಗೌರಕ್ಕನಿಗೆ ಚಿನ್ನಕ್ಕನ ಗಂಡ ಮುನೆಪ್ಪ ಫೋನು ಮಾಡಿದ. ಸೊಪ್ಪಿಗೆಂದು ಹೋಗಿದ್ದ ನಾನು ಅಲ್ಲೇ ಇದ್ದೆ; ಫೋನಿನ ದನಿ ಜೋರಾಗಿಟ್ಟಿದ್ದರಿಂದ ಎರಡೂ ಕಡೆಯ ಮಾತು ಕೇಳುತ್ತಿತ್ತು.

"ಗೌರಕ್ಕ, ನಿನ್ ತಂಗಿ ಹೋಗ್ಬುಟ್ಳು."

"ಎಲ್ಲಿಗೆ, ಸಂತೆಗಾ?"

"ಸತ್ತೋದ್ಲು ಕಣಕ್ಕ."

"ಊರ್ಕೋ ಮುನೆಪ್ಪ, ಸುಮ್ಕಿರು. ಕಾಗೆ ಮುಟ್ತಾ? ಹಿಂದ್ಗಡೆ ಮೆಂತ್ಯ ಮಾರ್ತಾವ್ಳಲ್ಲ, ಅದ್ಯಾರು ಹಂಗಾದ್ರೆ?"

ಗಾಡಿಯ ಸ್ಪೀಕರ್ ಆರಿಸಲು ಮುನೆಪ್ಪ ಮರೆತಿದ್ದ. ಚಿನ್ನಕ್ಕ ಗಂಡನನ್ನು ದುರುಗುಟ್ಟಿ ನೋಡಿ ಫೋನು ಕಿತ್ತುಕೊಂಡಳು.

"ನೀನು ಅಳ್ದೇ ಹೋದ್ರೆ ನಾನು ನಿಜವಾಗ್ಲೂ ಹೋಯ್ತೀನಿ ಕಣಕ್ಕ."

"ಹೆಂಗೆ ಅಳ್ಲೇ? ನಗು ಬತ್ತೈತೆ. ಆಟದಾಗೆ ನೀನು ಸತ್ತಾಗ ಅತ್ತಿದ್ನಲ್ಲ, ಸಾಲ್ದಾ?"

"ಅದು ಹಳೇ ಅಳು. ಕಾಗೆ ಮುಟ್ಟಿದ್ದು ಇವತ್ತು."

"ಸೊಪ್ಪು ಮಾರೋಳಲ್ವಾ, ಅಳೂನೂ ತಾಜಾನೇ ಬೇಕು."

ಗೌರಕ್ಕ ಮೊಮ್ಮಗಳಿಂದ ಮೊಬೈಲು ಕೇಳಿ ತೆಗೆದುಕೊಂಡಿದ್ದು ಕೇಳಿಸಿತು. ಆಟ ಶುರುವಾಯಿತು. ಬಾಣ ಬಂತು, ಮಜ್ಜಿಗೆ ಚೆಲ್ಲಿತು. ಆಮೇಲೆ ನಾಯಕ ನಾಣ್ಯ ಆರಿಸುವ ಸದ್ದು.

"ಅಕ್ಕ?"

"ತಿರುಗಿ ನೋಡ್ಲಿಲ್ಲ ಕಣೇ ಆ ನನ್ಮಗ." ಗೌರಕ್ಕ ಮೂಗು ಸೀಟಿದಳು. "ಜೀವ ಉಳಿಸ್ದೋಳು ಬಿದ್ದವ್ಳೆ, ಒಂದ್ಸಲನಾದ್ರೂ ನೋಡ್ಬಾರ್ದಾ?"

ಬಿಕ್ಕುವುದು ನಮಗೂ ಕೇಳಿಸಿತು. ಮುನೆಪ್ಪ ಎದ್ದು ಕಂಟಕ ಕಳೆದ ಹೆಂಡತಿಯ ತಲೆಸ್ನಾನಕ್ಕೆ ನೀರು ಕಾಯಿಸಲು ಇಟ್ಟ.

ಆ ಯುವಕರಿಗೆ ಹೇಳಿ ನಾಯಕ ತಿರುಗಿ ನೋಡುವಂತೆ ಮಾಡಿಸುತ್ತೇನೆ ಎಂದೆ. ಚಿನ್ನಕ್ಕ ಒಪ್ಪಲಿಲ್ಲ.

"ಬೇಡ ಬಿಡಣ್ಣ, ಅವನು ಹಂಗೇ ಹೋಗ್ಲಿ. ನೋಡ್ಬುಟ್ರೆ ನಮ್ಮಕ್ಕ ಅಳಲ್ಲ. ಕಾಗೆ ಇನ್ನೊಂದ್ಸಲ ಬಂದ್ರೆ?"

ಆಕೆ ಸ್ನಾನ ಮಾಡಿ, ಎರಡು ಮುದ್ದೆ ಉಂಡು, ಒದ್ದೆ ಕೂದಲಲ್ಲೇ ಸಂಜೆಯ ಗಾಡಿ ತಳ್ಳಿಕೊಂಡು ಹೊರಟಳು.