ಕುದಿಸಿದ ತಂಬುಳಿ

ಗೆಳೆಯರೇ, ಮಕ್ಕಳನ್ನು ಸಾಕುವ ಬಗ್ಗೆ ನೀವು ಹೇಳಿದ ಪುಸ್ತಕವನ್ನು ಇಂದು ಶಿರಸಿಯ ಗ್ರಂಥಾಲಯದಿಂದ ತಂದೆ. ಪ್ರತಿ ಅಧ್ಯಾಯವೂ ‘ತಾಯಂದಿರೇ’ ಎಂದೇ ಶುರುವಾಗುತ್ತದೆ. ಹೆಂಡತಿ ತೀರಿಕೊಂಡು ಐದು ತಿಂಗಳಾಯಿತು. ಎಂಟು ವರ್ಷದ ಮಗಳು ಅಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ.

ಮಕ್ಕಳಿಗೆ ಬಿಸಿಯಾಗಿಯೇ ಬಡಿಸಿ ಎಂದಿತ್ತು ಪುಸ್ತಕ. ಪಕ್ಕದ ಮನೆಯ ಸುಬ್ಬತ್ತೆ ನಕ್ಕರು. “ಪುಸ್ತಕ ಓದಿ ಕೂಸಿನ ಸಾಕಲೆ ಆಗ್ತಾ ತಮಾ? ಒಂದೆಲಗದ ತಂಬ್ಳಿ ಮಾಡಿ ಹಾಕು.”

ಇಬ್ಬರ ಮಾತನ್ನೂ ಕೇಳಿದೆ. ಸೊಪ್ಪು ಅರೆದು ಮಜ್ಜಿಗೆಗೆ ಬೆರೆಸಿ, ತಣ್ಣಗೇ ಉಣ್ಣಬೇಕಾದ ತಂಬುಳಿಯನ್ನು ಒಲೆಯ ಮೇಲಿಟ್ಟು ಕುದಿಸಿದೆ. ಮಜ್ಜಿಗೆ ಒಡೆದು ಹಸಿರು ನೀರಾಯಿತು.

ಮಗಳು ಪಾತ್ರೆಯಲ್ಲಿ ಇಣುಕಿದಳು. “ಅಪ್ಪಾ, ತಂಬ್ಳಿ ಯಾರಾದ್ರೂ ಕುದಸ್ತ್ವಾ?” ಐದು ತಿಂಗಳಲ್ಲಿ ಮೊದಲ ಸಲ ನಕ್ಕಳು. ನಗುತ್ತಲೇ ಬರೀ ಮಜ್ಜಿಗೆ ಅನ್ನವನ್ನು ಎರಡು ಸಲ ಹಾಕಿಸಿಕೊಂಡಳು.

ನಾಳೆ ಏನನ್ನು ಕೆಡಿಸಲಿ ಎಂದು ಯೋಚಿಸುತ್ತ ಕುಳಿತಿದ್ದೇನೆ.